ದೀಪಕ್ಕೆ ಲಕ್ಷ, ಕೊಕ್ಕೆಗೆ ಚೌಕಾಸಿ

ಲಕ್ಷ ರೂಪಾಯಿ ಸುರಿದು ಶಾಂಡ್ಲಿಯರ್ ತಂದವರು ಅದನ್ನು ತೂಗುಹಾಕುವ ಕೂಲಿಯ ಮಾತು ಬಂದಾಗ ಐನೂರು ರೂಪಾಯಿಗೆ ಜಗ್ಗಾಡುತ್ತಾರೆ. ಮೈಸೂರಿನಲ್ಲಿ ಲೈಸೆನ್ಸ್ ಇಟ್ಟುಕೊಂಡು ಎಲೆಕ್ಟ್ರಿಕಲ್ ಕಂಟ್ರಾಕ್ಟ್ ಮಾಡುತ್ತ ತಲೆ ನರೆತ ನನಗೆ ಇದೇನೂ ಹೊಸದಲ್ಲ. ‘ಏನ್ರೀ, ಒಂದು ಲೈಟ್ ನೇತಾಕೋಕೆ ಇಷ್ಟೊಂದಾ? ಫ್ಯಾನ್ ಹಾಕೋಕೆ ಮುನ್ನೂರು ತಗೋತೀರಿ. ಇದೂ ಅದೇ ಹುಕ್ಕು ತಾನೇ?’ ಅನ್ನುತ್ತಾರೆ. ಹುಕ್ಕು ಅದೇ ಇರಬಹುದು ಸ್ವಾಮಿ, ಭಾರ ಅದೇ ಅಲ್ಲ.

ಸೀಲಿಂಗ್ ಫ್ಯಾನು ಹೆಚ್ಚೆಂದರೆ ನಾಲ್ಕೈದು ಕೆಜಿ ತೂಗುತ್ತದೆ. ಈಗ ಡೂಪ್ಲೆಕ್ಸ್ ಮನೆಗಳ ಹಾಲಿಗೆ ಬರುತ್ತಿರುವ ಕಬ್ಬಿಣ, ಹಿತ್ತಾಳೆ, ಗಾಜಿನ ದೀಪಗಳು ಇಪ್ಪತ್ತರಿಂದ ನಲವತ್ತು ಕೆಜಿ ಇರುತ್ತವೆ. ಮೋಲ್ಡ್ ಹಾಕುವ ಮೊದಲೇ ಸ್ಲ್ಯಾಬಿನ ಕಂಬಿಗೆ ಸೇರಿಸಿ ಬಿಗಿದ ಹುಕ್ಕಾದರೆ ಅಷ್ಟು ಭಾರ ಅದಕ್ಕೆ ಲೆಕ್ಕವಲ್ಲ. ಆದರೆ ಹಾಗೆ ಬಿಗಿದಿದ್ದಾರೋ, ಫ್ಯಾನ್ ಬಾಕ್ಸನ್ನು ಸುಮ್ಮನೆ ಕಾಂಕ್ರೀಟಿನಲ್ಲಿ ಹೂತು ಕೈತೊಳೆದುಕೊಂಡಿದ್ದಾರೋ ಕೆಳಗೆ ನಿಂತು ನೋಡಿದರೆ ಯಾರಿಗೂ ತಿಳಿಯದು. ನನಗೂ ತಿಳಿಯದು. ಮೋಲ್ಡ್ ದಿನ ಮೇಲಿದ್ದ ಮೇಸ್ತ್ರಿಗೆ ಮಾತ್ರ ಗೊತ್ತು. ಅವನು ಈಗ ಬೇರೆ ಬಡಾವಣೆಯಲ್ಲಿ ಬೇರೆ ಮನೆ ಕಟ್ಟುತ್ತಿರುತ್ತಾನೆ.

ಹೋದ ವರ್ಷ ಕುವೆಂಪುನಗರದ ಒಂದು ಮನೆಯಿಂದ ಫೋನ್ ಬಂತು. ‘ದೀಪದ ಸುತ್ತ ಸೀಲಿಂಗ್ ಬಿರುಕು ಬಿಟ್ಟಿದೆ. ಪೇಂಟರ್‌ನ ಕರೆಸಲಾ, ನೀವೇ ಬಂದು ನೋಡ್ತೀರಾ?’ ಎಂದರು ಮನೆಯ ಯಜಮಾನಿ. ಹೋಗಿ ನೋಡಿದೆ. ಕೊಂಡಿಯನ್ನು ಮುಚ್ಚುವ ಹಿತ್ತಾಳೆ ಬಟ್ಟಲು ಒಂದು ಬೆರಳಿನಷ್ಟು ಕೆಳಗೆ ಜಾರಿತ್ತು. ಮೇನ್ ಆಫ್ ಮಾಡಿಸಿ, ಏಣಿ ಹತ್ತಿ, ಬಟ್ಟಲು ಬಿಚ್ಚಿ ಟಾರ್ಚ್ ಬಿಟ್ಟೆ. ಮೂರು ಸ್ಕ್ರೂಗಳಿದ್ದವು, ಮೂರೂ ಜಿಪ್ಸಂ ಬೋರ್ಡಿಗೇ ಹೊಡೆದವು. ಒಂದು ಆಗಲೇ ಕಿತ್ತುಬಂದು, ಬಿಳಿ ಪುಡಿಯ ಜೊತೆ ಬಟ್ಟಲಿನೊಳಗೆ ಬಿದ್ದಿತ್ತು. ಅದರ ಪಾಲಿನ ಭಾರವನ್ನು ಕರೆಂಟಿನ ವೈರು ಹೊತ್ತಿತ್ತು. ಕೆಳಗೆ ಟೀಪಾಯಿ, ಪಕ್ಕದಲ್ಲಿ ಮೊಮ್ಮಗು ಆಡುವ ಚಾಪೆ. ಯಾರು ಹಾಕಿದ್ದು ಎಂದು ಕೇಳಿದೆ. ‘ಅಂಗಡಿಯವರೇ ಹುಡುಗನ್ನ ಕಳಿಸಿದ್ರು. ಫಿಟಿಂಗ್ ಫ್ರೀ ಅಂದ್ರು.’

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನ ಕೈಗೆ ಡ್ರಿಲ್ ಕೊಟ್ಟು ಕಳಿಸಿದವರು ತೂಕದ ಲೆಕ್ಕ ಹೇಳಿಕೊಟ್ಟಿರಲಿಲ್ಲ. ಸಿಟ್ಟು ಇರುವುದು ‘ಫ್ರೀ’ ಎಂಬುದರ ಮೇಲೆ. ಫ್ರೀ ಕೆಲಸಕ್ಕೆ ಬಿಲ್ ಇಲ್ಲ. ಬಿಲ್ ಇಲ್ಲವೆಂದರೆ ನಾಳೆ ಕೇಳೋಣವೆಂದರೂ ಯಾರ ಹೆಸರೂ ಸಿಗುವುದಿಲ್ಲ.

ಫಾಲ್ಸ್ ಸೀಲಿಂಗ್ ಎಂಬುದು ಹನ್ನೆರಡೂವರೆ ಮಿಲಿಮೀಟರ್ ದಪ್ಪದ ಬೋರ್ಡು ಮತ್ತು ತೆಳು ತಗಡಿನ ಚಾನೆಲ್. ತನ್ನನ್ನು ತಾನು ಹೊತ್ತುಕೊಳ್ಳುವುದಕ್ಕೆ ಮಾಡಿದ್ದು ಅದು. ಭಾರದ ದೀಪವೇನಿದ್ದರೂ ಬೋರ್ಡನ್ನು ತೂರಿಕೊಂಡು ಮೇಲಿನ ಸ್ಲ್ಯಾಬಿಗೆ ಹೋಗಿ ಹಿಡಿಯಬೇಕು. ಅಲ್ಲಿ ಆಂಕರ್ ಬೋಲ್ಟ್ ಹಾಕಲು ಡ್ರಿಲ್ ಇಡುವ ಮೊದಲು ಒಳಗೆ ವೈರಿಂಗ್ ಪೈಪು ಎಲ್ಲಿ ಓಡಿದೆ, ಕಂಬಿ ಎಲ್ಲಿದೆ ಎಂಬ ಅಂದಾಜು ಬೇಕು. ನಮ್ಮೂರಿನ ಹಳೇ ಮದ್ರಾಸ್ ತಾರಸಿ ಮನೆಗಳ ಕಥೆ ಬೇರೆ. ತೇಗದ ತೊಲೆಗಳ ಮೇಲೆ ಇಟ್ಟಿಗೆ ನಿಲ್ಲಿಸಿ ಸುಣ್ಣದ ಗಾರೆ ಹಾಕಿದ ಆ ಚಾವಣಿಯಲ್ಲಿ ಬೋಲ್ಟ್ ನಿಲ್ಲುವುದಿಲ್ಲ. ತೊಲೆಗೇ ನೇತುಹಾಕಬೇಕು, ಅದಕ್ಕೂ ಮೊದಲು ಗೆದ್ದಲು ಹಿಡಿದಿದೆಯೇ ಎಂದು ತಟ್ಟಿ ನೋಡಬೇಕು. ಹಾಲಿನ ನಟ್ಟನಡುವೆಯೇ ದೀಪ ಬೇಕು, ಆದರೆ ತೊಲೆ ಒಂದಡಿ ಆಚೆಗಿದೆ ಎಂದರೆ ದೀಪವೇ ಒಂದಡಿ ಸರಿಯಬೇಕಷ್ಟೆ.

ಗ್ವಾಲಿಯರಿನ ಜೈ ವಿಲಾಸ್ ಅರಮನೆಯ ಕಥೆ ನಿಮಗೂ ಗೊತ್ತಿರಬಹುದು. 1874ರ ಆ ಅರಮನೆಯ ದರ್ಬಾರ್ ಹಾಲಿನಲ್ಲಿ ತಲಾ ಮೂರೂವರೆ ಟನ್ ಎನ್ನುವ ಎರಡು ಶಾಂಡ್ಲಿಯರ್‌ಗಳಿವೆ. ಅವನ್ನು ತೂಗುಹಾಕುವ ಮುಂಚೆ ಚಾವಣಿಯ ಮೇಲೆ ಆನೆಗಳನ್ನು ಹತ್ತಿಸಿ, ನಡೆಸಿ ನೋಡಿದರಂತೆ. ಕಥೆಯಲ್ಲಿ ಉಪ್ಪುಖಾರ ಎಷ್ಟು ಸೇರಿದೆಯೋ, ಕ್ರಮ ಮಾತ್ರ ನೂರಕ್ಕೆ ನೂರು ಸರಿ. ಮೊದಲು ಚಾವಣಿಯ ಪರೀಕ್ಷೆ, ಆಮೇಲೆ ದೀಪ. ಇಂದಿನ ಮಾನದಂಡ ಹೇಳುವುದೂ ಅದೇ ಧಾಟಿಯ ಮಾತು. ದೀಪಗಳಿಗೆ ನಮ್ಮಲ್ಲಿ ಐಎಸ್ 10322 ಎಂಬ ಮಾನದಂಡವಿದೆ. ತೂಗುದೀಪದ ಕೊಂಡಿ, ಸರಪಳಿ ದೀಪದ ತೂಕದ ನಾಲ್ಕು ಪಟ್ಟು ಭಾರವನ್ನು ಒಂದು ಗಂಟೆ ತಡೆಯಬೇಕು. ಅದು ದೀಪ ತಯಾರಿಸುವವರಿಗೆ ಹೇಳಿದ್ದು. ಚಾವಣಿಯ ಹುಕ್ಕಿಗೂ ಅದೇ ಅಳತೆ ಇಟ್ಟರೆ ತಪ್ಪೇನು ಎಂದು ನಾನು ಸಿಮೆಂಟ್ ಮೂಟೆಯ ದಾರಿ ಹಿಡಿದೆ. ಮೂಟೆಗೆ ಐವತ್ತು ಕೆಜಿ. ಇಪ್ಪತ್ತೈದು ಕೆಜಿ ದೀಪವಾದರೆ ಎರಡು ಮೂಟೆಗಳನ್ನು ಹಗ್ಗದಲ್ಲಿ ಬಿಗಿದು, ನೆಲದಿಂದ ಒಂದು ಗೇಣು ಮೇಲೆ ನಿಲ್ಲುವ ಹಾಗೆ ಹುಕ್ಕಿಗೆ ತೂಗುಬಿಟ್ಟು ಮನೆಗೆ ಹೋಗುತ್ತೇನೆ. ಬೆಳಿಗ್ಗೆ ಬಂದು ಹುಕ್ಕಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕೂ ಇಲ್ಲದಿದ್ದರೆ ಮಾತ್ರ ದೀಪದ ಪೆಟ್ಟಿಗೆ ಬಿಚ್ಚುವುದು. ಹೊಳೆಯುವ ಗ್ರಾನೈಟ್ ನೆಲದ ಮೇಲೆ ಸಿಮೆಂಟ್ ಮೂಟೆ ಕಂಡು ಮುಖ ಸಿಂಡರಿಸುವವರೂ ಇದ್ದಾರೆ. ಸಿಂಡರಿಸಲಿ.

ಇನ್ನು ಕರೆಂಟಿನ ವಿಷಯ. ಭಾರ ಹೊರಬೇಕಾದ್ದು ಸರಪಳಿ, ವೈರಲ್ಲ. ಸರಪಳಿಯ ಜೊತೆ ಸಡಿಲವಾಗಿ ಹೆಣೆದುಕೊಂಡು ವೈರು ಇಳಿಯಬೇಕು. ದೀಪದ ಮೈಯೆಲ್ಲ ಲೋಹ, ಹಾಗಾಗಿ ಹಸಿರು ವೈರು, ಅಂದರೆ ಅರ್ಥಿಂಗ್, ಆ ಲೋಹಕ್ಕೆ ಸೇರಲೇಬೇಕು. ಎಷ್ಟೋ ಕಡೆ ಅದನ್ನು ಸುತ್ತಿ ಟೇಪ್ ಹಾಕಿ ಬಟ್ಟಲೊಳಗೆ ತುರುಕಿರುವುದನ್ನು ಕಂಡಿದ್ದೇನೆ. ಅರ್ಥಿಂಗ್ ಇಲ್ಲದೆಯೂ ದೀಪ ಝಗಮಗ ಉರಿಯುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಒಳಗೆಲ್ಲೋ ವೈರಿನ ಸಿಪ್ಪೆ ಸುಲಿದು ಲೋಹಕ್ಕೆ ತಾಗಿದ ಮೇಲೆ, ಆಯುಧಪೂಜೆಯ ಮುನ್ನಾದಿನ ಒದ್ದೆ ಬಟ್ಟೆ ಹಿಡಿದು ಸ್ಟೂಲ್ ಹತ್ತಿದವರಿಗೆ ಗೊತ್ತಾಗುತ್ತದೆ. ಮನೆಯ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ತಾನೇ ಆಫ್ ಆಗುವ ಸ್ವಿಚ್ಚು, ಇದ್ದರೆ ಜೀವ ಉಳಿಯುವ ಸಾಧ್ಯತೆ ಹೆಚ್ಚು. ಇದೆಯೇ ಎಂದು ಇವತ್ತೇ ನೋಡಿ. ಇದ್ದರೆ ಅದರ ಟೆಸ್ಟ್ ಗುಂಡಿ ಒತ್ತಿ, ಕರೆಂಟ್ ಹೋಗುತ್ತದೆಯೇ ಅದನ್ನೂ ನೋಡಿ.

ಇಷ್ಟೆಲ್ಲ ಇದ್ದೂ ಕಾನೂನು ಏನನ್ನುತ್ತದೆ? ವೈರಿಂಗ್ ಕೆಲಸಕ್ಕೆ ಲೈಸೆನ್ಸ್ ಇರುವ ಗುತ್ತಿಗೆದಾರರೇ ಬೇಕೆಂದು 1956ರ ವಿದ್ಯುತ್ ನಿಯಮಗಳ 45ನೇ ನಿಯಮ ಹೇಳಿತು. ಅದೇ ಉಸಿರಿನಲ್ಲಿ ದೀಪ, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಾಯಿಸುವುದಕ್ಕೆ ವಿನಾಯಿತಿಯನ್ನೂ ಕೊಟ್ಟಿತು. 2010ರ ನಿಯಮಾವಳಿಯಲ್ಲೂ ವಿನಾಯಿತಿ ಹಾಗೇ ಮುಂದುವರಿಯಿತು. ಬಲ್ಬ್ ಬದಲಾಯಿಸಲು ಲೈಸೆನ್ಸ್ ಕೇಳುವುದು ಹುಚ್ಚುತನ, ಒಪ್ಪುತ್ತೇನೆ. ಆದರೆ ತಲೆಯ ಮೇಲೆ ಮೂವತ್ತು ಕೆಜಿ ಗಾಜು ಕಬ್ಬಿಣ ತೂಗುಬಿಡುವುದೂ ಅದೇ ಬಾಗಿಲಿನಿಂದ ನುಸುಳಿಬಿಡುತ್ತದೆ. ಹತ್ತು ಕೆಜಿ ಮೀರಿದ ಯಾವ ದೀಪಕ್ಕೂ ಈ ವಿನಾಯಿತಿ ಸಲ್ಲಬಾರದು ಎಂಬುದು ನನ್ನ ಅಭಿಪ್ರಾಯ. ದೀಪದ ತೂಕ ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ ಇರಬೇಕು. ಫಿಟಿಂಗ್ ಮಾಡಿದವರ ಹೆಸರು, ಲೈಸೆನ್ಸ್ ನಂಬರ್ ಬಿಲ್ಲಿನಲ್ಲಿರಬೇಕು. ಕಂಟ್ರಾಕ್ಟರ್ ತನ್ನ ಹೊಟ್ಟೆಪಾಡಿಗೆ ಹೇಳುತ್ತಿದ್ದಾನೆ ಅನ್ನುವವರಿಗೆ ಉತ್ತರವಿದೆ: ನಾನೀಗ ಏಣಿ ಹತ್ತುವುದನ್ನೇ ಬಿಟ್ಟಿದ್ದೇನೆ.

ಮನೆ ಕಟ್ಟಿಸುವಾಗ ದೇವರ ಕೋಣೆಯ ದಿಕ್ಕಿಗೆ, ಮೆಟ್ಟಿಲ ಸಂಖ್ಯೆಗೆ ವಾಸ್ತು ಕೇಳಿಸುತ್ತೇವೆ. ಹಾಲಿನ ದೀಪ ಎಷ್ಟು ಕೆಜಿ, ಎಲ್ಲಿ ಬರುತ್ತದೆ ಎಂದು ಇಂಜಿನಿಯರಿಗೆ ಹೇಳಿದ ಯಜಮಾನರನ್ನು ನಾನು ಕಂಡದ್ದು ಬಲು ಅಪರೂಪ. ಗೃಹಪ್ರವೇಶದ ಕಾರ್ಡು ಅಚ್ಚಾದ ಮೇಲೆ ದೀಪದ ನೆನಪಾಗುತ್ತದೆ. ಎರಡು ಅಂತಸ್ತಿನೆತ್ತರದ ಹಾಲಾದರೆ ಆಗ ಸಾರವೆ ಕಟ್ಟಬೇಕು, ಫಾಲ್ಸ್ ಸೀಲಿಂಗ್ ಕೊಯ್ಯಬೇಕು, ಬಣ್ಣ ಮತ್ತೆ ಬಳಿಯಬೇಕು. ದೀಪ ಒರೆಸಲು ಕೆಳಗಿಳಿಸುವ ಮೋಟಾರು ಬೇಕೆಂದರೆ ಅದಕ್ಕೆ ಬೇರೆ ವೈರು, ಬೇರೆ ಸ್ವಿಚ್ಚು, ಮತ್ತೆ ಗೋಡೆ ಕೊರೆಯುವುದು. ಆದ್ದರಿಂದ ಸೆಂಟ್ರಿಂಗ್ ಹಲಗೆ ಬಡಿಯುವ ವಾರವೇ ಮೇಸ್ತ್ರಿಯನ್ನೂ ಎಲೆಕ್ಟ್ರಿಷಿಯನ್ನನ್ನೂ ಒಟ್ಟಿಗೆ ನಿಲ್ಲಿಸಿ ಜಾಗ ತೋರಿಸಿ, ಹುಕ್ಕು ಬಿಗಿದ ಮೇಲೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಆ ದಿನ ಆ ಹುಕ್ಕಿಗೆ ಬೀಳುವ ಖರ್ಚು ಒಂದು ತುಂಡು ಕಂಬಿ, ಒಂದು ಮೊಳ ಬೈಂಡಿಂಗ್ ವೈರು.