ಅಮ್ಮನ ಬಾಯಲ್ಲಿ ಅದು ಮೋಟರ್ ಕಣ್ರೀ!

ಹೋದ ಬೇಸಿಗೇಲಿ ಒಂದು ಮಧ್ಯಾಹ್ನ ಅಮ್ಮ ಅಡುಗೆಮನೆಯಿಂದಲೇ ಕೂಗಿ ಹೇಳಿದ್ರು, “ಟ್ಯಾಂಕ್ ತುಂಬಿರತ್ತೆ, ಮೋಟರ್ ಆಫ್ ಮಾಡು.” ಹೇಳಿದ್ದು ನನಗಲ್ಲ, ಹಾಲಿನಲ್ಲಿರೋ ಸ್ಪೀಕರಿಗೆ. ಅದರ ಹಿಂದಿರೋ ಎಐ ಏಜೆಂಟು ಬಹಳ ವಿನಯದಿಂದ “ಮೋಟರ್ ಆಫ್ ಮಾಡಿದ್ದೇನೆ” ಅಂತು. ಅಮ್ಮ ನಂಬಿ ಊಟಕ್ಕೆ ಕೂತರು. ಮುಕ್ಕಾಲು ಗಂಟೆ ಆದ್ಮೇಲೆ ಪಕ್ಕದ ಮನೆಯವರು ಬಂದು ಗೇಟು ಬಡಿದರು. ತಾರಸಿಯಿಂದ ನೀರು ಸುರೀತಿತ್ತು, ಕೆಳಗೆ ಸಂಪು ಖಾಲಿ. ಕುಡಿಯೋ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ 2024ರ ಮಾರ್ಚ್‌ನಲ್ಲಿ ಜಲಮಂಡಳಿ ಆದೇಶ ಹೊರಡಿಸಿದ ಊರು ನಮ್ಮ ಬೆಂಗಳೂರು!

ಏಜೆಂಟು ಆಫ್ ಮಾಡಿದ್ದು ಏನನ್ನ ಗೊತ್ತಾ? ಬೆಡ್‌ರೂಮಿನ ಪರದೆ ಎಳೆಯೋ ಮೋಟರನ್ನ. ಪಟ್ಟಿಯಲ್ಲಿ ಅದರ ಹೆಸರು ‘ಕರ್ಟನ್ ಮೋಟರ್’, ನೀರಿನದ್ದರ ಹೆಸರು ‘ವಾಟರ್ ಪಂಪ್’. ಇದನ್ನೆಲ್ಲ ಜೋಡಿಸಿಕೊಟ್ಟ ಹುಡುಗನಿಗೆ ಫೋನ್ ಮಾಡಿದರೆ, “ಸರ್, ಆಂಟಿ ಪಂಪ್ ಅಂತ ಹೇಳ್ಬೇಕಿತ್ತು” ಅಂದ. ನೀರು ಹೋಗಿದ್ದಕ್ಕಿಂತ ಈ ಮಾತಿಗೆ ನನಗೆ ಹೆಚ್ಚು ಸಿಟ್ಟು ಬಂತು.

ಅಲ್ಲಾ ಸ್ವಾಮಿ, ನಮ್ಮ ಕಡೆ ಯಾವ ಮನೇಲಿ ಅದನ್ನ ವಾಟರ್ ಪಂಪ್ ಅಂತಾರೆ? ಮೋಟರ್ ಅಂದ್ರೆ ನೀರಿನದ್ದೇ. ನಲವತ್ತು ವರ್ಷದಿಂದ ಸರಿಯಾಗೇ ಇದ್ದ ಮಾತು ಈಗ ತಪ್ಪಾಗಿಬಿಡ್ತಾ?

ಏಜೆಂಟಿಗೆ ಅಮ್ಮನ ಕನ್ನಡ ಚೆನ್ನಾಗೇ ತಿಳಿದಿತ್ತು. ಎಡವಿದ್ದು ನಡುವೆ ಇರೋ, ಸಾಧನ ಹುಡುಕಿಕೊಡೋ ಟೂಲು. ಒಂದು ಸ್ಮಾರ್ಟ್ ಪ್ಲಗ್ ಹಾಕಿದರೂ ಅದರ ಸ್ವಿಚ್ಚು, ವೋಲ್ಟೇಜು, ಯೂನಿಟ್ಟಿನ ಲೆಕ್ಕ ಅಂತ ಪಟ್ಟಿಗೆ ಮೂರ್ನಾಲ್ಕು ಹೆಸರು ಸೇರತ್ತೆ. ಹೀಗೇ ಸೇರ್ತಾ ನೂರು ದಾಟೋದು ಕಷ್ಟವೇನಲ್ಲ. ಪ್ರತಿ ಮಾತಿಗೂ ಇಡೀ ಪಟ್ಟಿಯನ್ನ ಏಜೆಂಟಿನ ಮುಂದೆ ಸುರಿದರೆ ಖರ್ಚೂ ಜಾಸ್ತಿ, ಗೊಂದಲವೂ ಜಾಸ್ತಿ. ಅದಕ್ಕೇ ಏಜೆಂಟು ಒಂದು ಪದ ಕೊಡತ್ತೆ, ಟೂಲು ಅದಕ್ಕೆ ಹತ್ತಿರದ ಕೆಲವು ಹೆಸರು ಹೆಕ್ಕಿ ಕೊಡತ್ತೆ. ಉಪಾಯ ಒಳ್ಳೇದೇ.

ಆದ್ರೆ ‘ಹತ್ತಿರ’ ಅಂದ್ರೆ ಏನು? ಹಳೇ ವಿಧಾನ ಅಕ್ಷರಗಳನ್ನ ನೋಡತ್ತೆ. ಸೋವಿಯತ್ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಶ್ಟೈನ್ 1965ರಲ್ಲಿ ಕೊಟ್ಟ ಲೆಕ್ಕ ಇದೆಯಲ್ಲ, ಒಂದು ಪದವನ್ನ ಇನ್ನೊಂದಾಗಿಸೋಕೆ ಎಷ್ಟು ಅಕ್ಷರ ಬದಲಿಸಬೇಕು, ಸೇರಿಸಬೇಕು, ಅಳಿಸಬೇಕು ಅನ್ನೋದು, ಅಂಥದ್ದು. ಅದರ ಪ್ರಕಾರ ‘ಸಂಪ್’ಗೂ ‘ಪಂಪ್’ಗೂ ಒಂದೇ ಅಕ್ಷರದ ದೂರ. ‘ಮೋಟರ್’ಗೂ ‘ಪಂಪ್’ಗೂ ನೆಂಟಸ್ತಿಕೆಯೇ ಇಲ್ಲ! ಹೊಸ ವಿಧಾನ ಅರ್ಥ ನೋಡತ್ತೆ. ಆದರೆ ಅದು ಲೋಕಕ್ಕೆ ಗೊತ್ತಿರೋ ಅರ್ಥ, ಮನೆಯೊಳಗಿನದ್ದಲ್ಲ. ನಮ್ಮನೇಲಿ ‘ಅಜ್ಜಿ ರೂಮು’ ಅಂದ್ರೆ, ಅಜ್ಜಿ ಹೋಗಿ ಹತ್ತು ವರ್ಷ ಆದ್ಮೇಲೂ, ಮೆಟ್ಟಿಲ ಪಕ್ಕದ ಕೋಣೆ. ಪಟ್ಟಿಯಲ್ಲದು ‘ಗೆಸ್ಟ್ ಬೆಡ್‌ರೂಮ್’. ಇದನ್ನ ಯಾವ ಲೆಕ್ಕ ಊಹಿಸತ್ತೆ?

ಊಹಿಸೋದೇ ಬೇಡ, ಮನೆಯವರನ್ನ ಕೇಳಿದರೆ ಸಾಕು. ಹೋಮ್ ಅಸಿಸ್ಟೆಂಟ್‌ನಂಥ ಮುಕ್ತ ತಂತ್ರಾಂಶದಲ್ಲಿ ಒಂದೊಂದು ಸಾಧನಕ್ಕೂ ಬೇರೆ ಹೆಸರುಗಳನ್ನ ಬರೆದಿಡೋಕೆ ಜಾಗ ಇದೆ. ನಮ್ಮನೇದು ಬೇರೆ ವ್ಯವಸ್ಥೆ, ಅದರಲ್ಲೂ ಆ ಜಾಗ ಇತ್ತು, ಖಾಲಿ ಬಿದ್ದಿತ್ತು. ಜೋಡಿಸೋಕೆ ಬಂದೋರು ವೈಫೈ ಪಾಸ್‌ವರ್ಡ್ ಕೇಳಿದ್ರೇ ಹೊರತು, “ಅಮ್ಮಾ, ಇದನ್ನ ನೀವು ಏನಂತೀರಿ?” ಅಂತ ಕೇಳಲಿಲ್ಲ.

ಅದಕ್ಕಿಂತ ಮುಖ್ಯ, ಈ ಟೂಲಿಗೆ “ಸಿಗಲಿಲ್ಲ” ಅನ್ನೋಕೆ ಕಲಿಸಿ. ಏನನ್ನಾದ್ರೂ ಕೊಡಲೇಬೇಕು ಅನ್ನೋ ಹಟ ಯಾಕೆ? ಎರಡು ಹೆಸರು ಹೊಂದಿದರೆ ಏಜೆಂಟು ಕೇಳಲಿ. ಕೆಲಸ ಆದ್ಮೇಲೆ ಪೂರ್ತಿ ಹೆಸರು ಹೇಳಲಿ. “ಬೆಡ್‌ರೂಮಿನ ಪರದೆ ಮೋಟರ್ ನಿಲ್ಲಿಸಿದ್ದೇನೆ” ಅಂದಿದ್ರೆ ಅಮ್ಮ ಅಲ್ಲೇ ಬೈದು ಸರಿ ಮಾಡಿಸ್ತಿದ್ರು. ನೀರೂ ಉಳೀತಿತ್ತು.

“ಪ್ರತಿಸಲ ಕೇಳ್ತಾ ಕೂತ್ರೆ ಸ್ವಿಚ್ಚೇ ವಾಸಿ ಅಲ್ವಾ?” ಅಂತ ಕೇಳೋರಿದ್ದಾರೆ. ಮಾತು ನಿಜ. ಲೈಟಿನ ವಿಷಯದಲ್ಲಿ ಊಹೆ ಮಾಡ್ಕೊಳ್ಳಲಿ ಬಿಡಿ, ತಪ್ಪಾದ್ರೆ ಇನ್ನೊಂದು ಲೈಟು ಹತ್ತತ್ತೆ, ಅಷ್ಟೇ. ಮೋಟರು, ಗೀಸರು, ಬಾಗಿಲ ಬೀಗದಲ್ಲಿ ಊಹೆ ಬೇಡ. ತಪ್ಪಿಗೆ ತೆರಬೇಕಾದ ಬೆಲೆ ನೋಡಿ ಧೈರ್ಯ ಮಾಡೋದು ಮನುಷ್ಯರಿಗೆ ಗೊತ್ತು. ಯಂತ್ರಕ್ಕೆ ಅದನ್ನ ಬರೆದುಕೊಡಬೇಕಾದೋರು ಟೂಲ್ ಮಾಡೋರು.

ಹೋದ ವಾರ ಅಮ್ಮನ್ನ ಕೂರಿಸಿಕೊಂಡು ಎಲ್ಲಾ ಹೆಸರೂ ಹೊಸದಾಗಿ ಬರೆದೆ. ಮೋಟರ್, ಅಜ್ಜಿ ರೂಮು, ಹಿತ್ತಲ ಲೈಟು. ಅರ್ಧ ಗಂಟೆಯ ಕೆಲಸ. ಆದರೂ ಅಮ್ಮ ಮೋಟರನ್ನ ಈಗ ಕೈಯಾರೆ ಹೋಗಿ ಆರಿಸ್ತಾರೆ. “ಮಾಡಿಲ್ದೇ ಮಾಡಿದೆ ಅನ್ನತ್ತಲ್ಲೋ ಅದು” ಅಂತಾರೆ. ನನ್ನ ಹತ್ರ ಉತ್ತರ ಇಲ್ಲ.