ಹೊಳೆಯದ ಕಲ್ಲಿನ ಬೆಲೆ

ರತ್ನವೆಂದೊಡನೆ ನಮ್ಮ ಮನಸ್ಸು ಅಕ್ಕಸಾಲಿಗನ ಅಂಗಡಿಗೋ ಅರಮನೆಯ ಬೊಕ್ಕಸಕ್ಕೋ ಓಡುತ್ತದೆ. ನವರತ್ನಗಳ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಬಲ್ಲವರು ನಮ್ಮಲ್ಲಿ ಬಹುಮಂದಿ. ಅವುಗಳಲ್ಲಿ ಒಂದಾದರೂ ಹುಟ್ಟುವ ಬಂಡೆ ಎಂಥದೆಂದು ಕೇಳಿದರೆ ಹೇಳಬಲ್ಲವರು ವಿರಳ. ಖನಿಜಗಳ ವಸ್ತುಸಂಗ್ರಹಾಲಯವನ್ನು ನೋಡಲು ಹೋಗುವಾಗಲೂ ನಾವು ಈ ಬೆಲೆಗಟ್ಟುವ ಕಣ್ಣನ್ನು ಮನೆಯಲ್ಲಿ ಬಿಟ್ಟು ಹೋಗುವುದಿಲ್ಲ. ಹೊಳೆಯುವುದರ ಮುಂದೆ ನಿಲ್ಲುತ್ತೇವೆ, ಹೊಳೆಯದುದನ್ನು ದಾಟಿ ನಡೆಯುತ್ತೇವೆ. ಪ್ರದರ್ಶನವು ವರ್ತಕನದಾದರೆ ಇದರಲ್ಲಿ ತಪ್ಪೇನೂ ಇಲ್ಲ. ವಿಶ್ವವಿದ್ಯಾಲಯದ್ದಾದರೆ ಮಾತು ಬೇರೆ.

ಜರ್ಮನಿಯ ಸ್ಯಾಕ್ಸನಿ ಪ್ರಾಂತದಲ್ಲಿ ಫ್ರೈಬೆರ್ಗ್ ಎಂಬ ಊರಿದೆ. 1168ರ ಸುಮಾರಿಗೆ ಅಲ್ಲಿ ಬೆಳ್ಳಿ ದೊರೆಯಿತು; ಗಣಿಯನ್ನು ನಂಬಿ ಊರು ಬೆಳೆಯಿತು. 1765ರಲ್ಲಿ ಗಣಿವಿದ್ಯೆಯನ್ನು ಕಲಿಸುವ ಅಕಾಡೆಮಿಯೊಂದು ಅಲ್ಲಿ ಸ್ಥಾಪಿತವಾಯಿತು. ಅದೇ ಇಂದಿನ ವಿಶ್ವವಿದ್ಯಾಲಯ. ಅದರ ಖನಿಜಗಳನ್ನು ನೋಡಲು ಬಂದವರಿಗೆ ಎರಡು ದಾರಿಗಳಿವೆ. ಒಂದು ಫ್ರಾಯ್ಡೆನ್‌ಸ್ಟೈನ್ ಕೋಟೆಯ ಕಡೆಗೆ. ಎರಿಕಾ ಪೋಲ್-ಸ್ಟ್ರೋಯರ್ ಎಂಬ ಮಹಿಳೆ ತಮ್ಮ ಜೀವಮಾನದಲ್ಲಿ ಕೂಡಿಸಿದ್ದ ಹರಳುಗಳು 2008ರಿಂದ ಅಲ್ಲಿ ಪ್ರದರ್ಶಿತವಾಗಿವೆ. ಖಂಡ ಖಂಡಗಳಾಗಿ ವಿಂಗಡಿಸಿದ ಸಾವಿರಾರು ಕಲ್ಲುಗಳು, ಕತ್ತಲೆಯ ಕೋಣೆಗಳು, ಒಂದೊಂದು ಹರಳಿನ ಮೇಲೂ ಬೀಳುವ ದೀಪ. ಮಕ್ಕಳು ಬಾಯಿ ತೆರೆದು ನೋಡುತ್ತಾರೆ. ಇದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಬೆರಗಿಲ್ಲದೆ ವಿದ್ಯೆ ಮೊದಲಾಗುವುದಿಲ್ಲ.

ಇನ್ನೊಂದು ದಾರಿ ವೆರ್ನರನ ಹೆಸರನ್ನು ಹೊತ್ತ ಹಳೆಯ ಕಟ್ಟಡಕ್ಕೆ ಹೋಗುತ್ತದೆ. ಅಲ್ಲಿ ಗಾಜಿನ ಬೀರುಗಳು, ಸೆಳೆಖಾನೆಗಳು, ಸಾಲುಸಾಲಾಗಿ ಬೂದುಬಣ್ಣದ ಕಲ್ಲುಗಳು, ಒಂದೊಂದರ ಬಳಿಯೂ ಒಂದು ಚೀಟಿ. ಒಂದೇ ಗಳಿಗೆಯ ಬಿಡುವಿರುವವರು ಎಲ್ಲಿಗೆ ಹೋಗಬೇಕೆಂದು ಕೇಳಿದರೆ, ವಿದ್ಯಾರ್ಥಿಗೆ ನಾನು ಹೇಳುವುದು ಈ ಎರಡನೆಯ ದಾರಿಯನ್ನೇ.

ಅಬ್ರಹಾಂ ಗಾಟ್‌ಲೋಬ್ ವೆರ್ನರ್ 1775ರಲ್ಲಿ ಈ ಅಕಾಡೆಮಿಗೆ ಅಧ್ಯಾಪಕನಾಗಿ ಬಂದವನು. ಕಲ್ಲನ್ನು ಕಣ್ಣು, ಕೈ, ಮೂಗುಗಳಿಂದ ಪರೀಕ್ಷಿಸಿ ಗುರುತಿಸುವ ಶಾಸ್ತ್ರವನ್ನು ಆತ ಕ್ರಮಪಡಿಸಿದ: ಬಣ್ಣವೇನು, ಹೊಳಪೆಂಥದು, ಒಡೆದ ಮೈ ಹೇಗಿದೆ, ಒರೆಗೆ ಹಚ್ಚಿದರೆ ಗೆರೆ ಯಾವ ಬಣ್ಣದ್ದು. ಯೂರೋಪಿನ ನಾನಾ ಕಡೆಗಳಿಂದ ತರುಣರು ಅವನಲ್ಲಿಗೆ ಬಂದರು, ಹುಂಬೋಲ್ಟ್ ಅವರಲ್ಲೊಬ್ಬ. ಈ ಗುರುವಿಗೆ ಒಂದು ಸಿದ್ಧಾಂತವಿತ್ತು. ಬೆಸಾಲ್ಟ್ ಎಂಬ ಕರಿಕಲ್ಲೂ ಸೇರಿದಂತೆ ಬಂಡೆಗಳೆಲ್ಲ ಆದಿಕಾಲದ ಸಾಗರದ ನೀರಿನಿಂದ ಇಳಿದು ಗಟ್ಟಿಯಾದವು ಎಂಬುದೇ ಅದು. ಅವನ ಶಿಷ್ಯರೇ ಜ್ವಾಲಾಮುಖಿಗಳನ್ನು ಕಣ್ಣಾರೆ ಕಂಡು ಬಂದು ಆ ಮತವನ್ನು ಕೈಬಿಟ್ಟರು. ವಿಜಾಪುರ, ಕಲಬುರಗಿ, ಬೀದರಗಳ ಕಡೆಯ ನಮ್ಮ ರೈತನು ಉಳುವ ಕರಿಮಣ್ಣು ಅಂಥ ಕರಿಕಲ್ಲು ಸವೆದು ಆದದ್ದು; ಆ ಕಲ್ಲು ನೀರಿನ ಕೂಸಲ್ಲ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾ. ಇಂದು ವೆರ್ನರನ ಸಿದ್ಧಾಂತವನ್ನು ನಂಬುವವರಿಲ್ಲ; ಅವನು ಕೂಡಿಸಿದ ಕಲ್ಲುಗಳನ್ನು ಬಿಸಾಡಿದವರೂ ಇಲ್ಲ. ಕಲ್ಲಿಗೆ ಮತಭೇದವಿಲ್ಲ. ಗುರುವಿನ ಪರವಾಗಿ ಸಾಕ್ಷಿ ಹೇಳಿದ ಕಲ್ಲೇ ಮರುದಿನ ಶಿಷ್ಯನ ಪರವಾಗಿಯೂ ನಿಂತೀತು.

ಹೊಳೆಯದ ಕಲ್ಲಿನ ಮಹಿಮೆಗೆ ಇದೇ ಊರಿನ ಇನ್ನೊಂದು ಕಥೆ ಸಾಕು. 1885ರಲ್ಲಿ ಹತ್ತಿರದ ಹಿಮ್ಮೆಲ್ಸ್‌ಫ್ಯೂರ್ಸ್ಟ್ ಗಣಿಯಲ್ಲಿ ಬೂದುಗಪ್ಪಿನ ಒಂದು ಹೊಸ ಅದಿರು ಸಿಕ್ಕಿತು. ಉಂಗುರಕ್ಕೆ ಕೂರಿಸಬಹುದಾದ ವಸ್ತು ಖಂಡಿತ ಅಲ್ಲ. ಆರ್ಜಿರೊಡೈಟ್ ಎಂದು ಅದಕ್ಕೆ ಹೆಸರಾಯಿತು. ಅಕಾಡೆಮಿಯ ರಸಾಯನಶಾಸ್ತ್ರಜ್ಞ ಕ್ಲೆಮೆನ್ಸ್ ವಿಂಕ್ಲರ್ ಅದನ್ನು ಒಡೆದು, ಕರಗಿಸಿ, ತೂಗಿದ: ಬೆಳ್ಳಿ ಇಷ್ಟು, ಗಂಧಕ ಇಷ್ಟು. ಎಲ್ಲ ಕೂಡಿಸಿದರೂ ನೂರಕ್ಕೆ ಸುಮಾರು ಏಳು ಭಾಗ ಲೆಕ್ಕಕ್ಕೆ ಸಿಗಲಿಲ್ಲ. ಮತ್ತೆ ತೂಗಿದ, ಮತ್ತೆ ಅದೇ ಏಳು. ಇನ್ನೊಬ್ಬನಾಗಿದ್ದರೆ ತಕ್ಕಡಿಯನ್ನು ಬೈದು ಸುಮ್ಮನಾಗುತ್ತಿದ್ದನೇನೋ. ವಿಂಕ್ಲರ್ ತಿಂಗಳುಗಟ್ಟಲೆ ಹೆಣಗಿ 1886ರ ಫೆಬ್ರವರಿಯಲ್ಲಿ ಆ ಕೊರತೆಯೊಳಗೆ ಅಡಗಿದ್ದ ಹೊಸ ಮೂಲವಸ್ತುವನ್ನು ಹೊರತೆಗೆದ. ಅದೇ ಜರ್ಮೇನಿಯಂ. ರಷ್ಯದ ಮೆಂಡೆಲೆಯೆಫ್ 1871ರಲ್ಲೇ ಇಂಥದೊಂದು ಇರಲೇಬೇಕೆಂದು ಹೇಳಿ, ಅದರ ಪರಮಾಣುತೂಕ 72 ಆಗಿದ್ದೀತೆಂದು ಬರೆದಿದ್ದ. ವಿಂಕ್ಲರನ ಅಳತೆ ಅದಕ್ಕೆ ಕೂದಲೆಳೆಯಷ್ಟು ಸಮೀಪ ಬಂದಿತು. 1947ರಲ್ಲಿ ಅಮೆರಿಕದಲ್ಲಿ ತಯಾರಾದ ಮೊದಲ ಟ್ರಾನ್ಸಿಸ್ಟರಿನ ಒಡಲು ಇದೇ ಜರ್ಮೇನಿಯಂ.

ಅದಕ್ಕೂ ಮೊದಲೇ, 1863ರಲ್ಲಿ, ಅದೇ ಊರಿನ ಸತುವಿನ ಅದಿರಿನಲ್ಲಿ ಫರ್ಡಿನಂಡ್ ರೈಕ್ ಬೇರೊಂದು ಲೋಹವನ್ನು ಹುಡುಕುತ್ತಿದ್ದ. ಅವನಿಗೆ ಬಣ್ಣಗುರುಡು. ಆದ್ದರಿಂದ ವರ್ಣಪಟಲವನ್ನು ನೋಡುವ ಕೆಲಸ ಜೊತೆಗಾರ ರಿಕ್ಟರನ ಪಾಲಿಗೆ ಬಂತು. ಹಿಂದೆ ಯಾರೂ ಕಾಣದ ಕಡುನೀಲಿಯ ಗೆರೆಯೊಂದು ಅವನ ಕಣ್ಣಿಗೆ ಬಿತ್ತು. ಇಂಡಿಗೊ ಎಂಬ ಆ ಬಣ್ಣದಿಂದ ಲೋಹಕ್ಕೆ ಇಂಡಿಯಂ ಎಂಬ ಹೆಸರು. ಇಂಡಿಗೊ ಎಂಬುದೋ, ನೀಲಿಯನ್ನು ಕಳಿಸಿಕೊಟ್ಟ ನಮ್ಮ ದೇಶದ ಹೆಸರಿನಿಂದಲೇ ಹುಟ್ಟಿದ ಮಾತು.

ಫ್ರೈಬೆರ್ಗಿನ ಗಣಿ 1969ರಲ್ಲಿ ಮುಚ್ಚಿತು. ನಮ್ಮ ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಇಳಿದಿದ್ದ ಆ ಸುರಂಗಗಳಲ್ಲಿ ಈಗ ನೀರು ತುಂಬಿದೆ. ಅಲ್ಲಿನ ಇಂತಿಂಥ ಮಟ್ಟದ ಕಲ್ಲು ಬೇಕೆಂದರೆ ಯಾರು ಇಳಿದು ತಂದಾರು? ಅಂದು ಯಾವನೋ ಅಧ್ಯಾಪಕ ಬೇಡಿ ತಂದು ಬೀರುವಿನಲ್ಲಿಟ್ಟದ್ದೇ ಉಳಿದ ಸಾಕ್ಷಿ. ಅದೂ ಚೀಟಿ ಇದ್ದರೆ ಮಾತ್ರ. ಚೀಟಿ ಕಳೆದ ಕಲ್ಲು ಹೆಸರು ಹೇಳಲಾರದ ಅನಾಥ. ಎಷ್ಟೇ ಹೊಳೆದರೂ ಅದು ಕಾಗದ ಹಾರದಂತೆ ಮೇಜಿನ ಮೇಲಿಡಲು ಬಂದೀತು, ಅಷ್ಟೆ.

ಭೂವಿಜ್ಞಾನವನ್ನು ಕಲಿಸುವ ನಮ್ಮ ಕಾಲೇಜುಗಳಲ್ಲಿ ಇಂಥ ಬೀರುಗಳಿಲ್ಲವೆಂದಲ್ಲ. ಇವೆ, ಅವುಗಳಿಗೆ ಬೀಗವೂ ಇದೆ, ಬೀಗದ ಕೈ ಯಾರಲ್ಲಿದೆ ಎಂಬುದೇ ಪ್ರಶ್ನೆ. ಪರೀಕ್ಷೆಯ ದಿನ ಹೊರಬರುವ ಹತ್ತಿಪ್ಪತ್ತು ಕಲ್ಲುಗಳನ್ನು ಬಿಟ್ಟರೆ ಉಳಿದವುಗಳ ಚೀಟಿಯನ್ನು ಧೂಳೂ ಹುಳುವೂ ಓದುತ್ತಿವೆ. ಹೊಸ ಕಟ್ಟಡಕ್ಕೆ ವಿಭಾಗವನ್ನು ಸಾಗಿಸುವಾಗಂತೂ ಈ ಕಲ್ಲುಗಳ ಗತಿಯನ್ನು ಕೇಳುವಂತಿಲ್ಲ. ಕೋಟೆಯನ್ನೂ ದೀಪಗಳನ್ನೂ ನಾವು ಬಯಸುವುದು ಬೇಡ. ಅದಕ್ಕೆ ಹಣ ಬೇಕು. ಚೀಟಿ ಬರೆಯಲು ಶಾಯಿಯೂ ತಾಳ್ಮೆಯೂ ಸಾಕು. ಮೊದಲ ವರ್ಷದ ವಿದ್ಯಾರ್ಥಿಗಳಿಂದ ಒಂದೊಂದು ಕಲ್ಲನ್ನೂ ತೂಗಿಸಿ, ಒರೆಗೆ ಹಚ್ಚಿಸಿ, ಹಳೆಯ ಚೀಟಿಯನ್ನು ನಕಲು ಮಾಡಿಸಬಹುದು. ಮಾಸಿ ಓದಲಾಗದ ಕಡೆ ನಿವೃತ್ತರಾದ ಅಧ್ಯಾಪಕರ ಮನೆಗೆ ಹೋಗಿ ಕೇಳಬಹುದು. ಆ ಕಲ್ಲು ಯಾವ ಗಣಿಯದೆಂದು ಬಲ್ಲವರು ಕೆಲವರಾದರೂ ಇನ್ನೂ ನಮ್ಮ ನಡುವೆ ಇದ್ದಾರೆ.