ಚಪ್ಪಾಳೆ ಸಾಕು, ರಂಗಕ್ಕೆ ಬನ್ನಿ



ಪ್ರತಿ ಬಸವ ಜಯಂತಿಗೆ ರೋಣ, ನರಗುಂದ, ಗಜೇಂದ್ರಗಡದ ವೇದಿಕೆಗಳಲ್ಲಿ ಕಾಯಕದಲ್ಲಿ ಮೇಲು-ಕೀಳಿಲ್ಲ ಎಂದು ಭಾಷಣ ಮಾಡುತ್ತೇವೆ. ಚಪ್ಪಾಳೆ ಬೀಳುತ್ತದೆ. ಮರುದಿನ ಕಚೇರಿಯ ಬಾಗಿಲು ತೆರೆದಾಗ ಆ ಮಾತು ಹೊಸ್ತಿಲಾಚೆಯೇ ಉಳಿಯುತ್ತದೆ. ನಾನೂ ಹಾಗೆ ಚಪ್ಪಾಳೆ ತಟ್ಟಿದವನೇ.

ನಾನು ಎಂಜಿನಿಯರ್ ಆಗಿದ್ದ ಒಂದು ಕಚೇರಿಯಲ್ಲಿ ಎಲ್ಲರಿಗೂ ಚಹಾ ಕಪ್ಪು-ಬಸಿಯಲ್ಲಿ ಬರುತ್ತಿತ್ತು. ಒಬ್ಬ ಗ್ಯಾಂಗ್‌ಮನ್‌ನ ಲೋಟ ಮಾತ್ರ ಕಿಟಕಿಯ ಮೇಲೆ. ಕುಡಿದು ತಾನೇ ತೊಳೆದಿಡುತ್ತಿದ್ದ. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ. ಯಾವ ಸುತ್ತೋಲೆಯೂ ಇರಲಿಲ್ಲ. ಕೊರಳಲ್ಲಿ ಇಷ್ಟಲಿಂಗ ಧರಿಸಿದ ನಾನು ವರ್ಷಗಟ್ಟಲೆ ಅದನ್ನು ನೋಡಿದೆ, ಕಡತ ತಿರುವಿದೆ. ಹೊಸದಾಗಿ ಬಂದ ನಮ್ಮವರನ್ನೇ “ಲಿಂಗಾಯತರೊಳಗ ಯಾವ ಪೈಕ್ರಿ?” ಎಂದು ಕೇಳಿದಾಗಲೂ ಸುಮ್ಮನಿದ್ದೆ. ಬೈಗುಳಕ್ಕೆ ಸಾಕ್ಷಿ ಸಿಗುತ್ತದೆ. ಕಿಟಕಿಯ ಮೇಲಿನ ಲೋಟಕ್ಕೆ ಸಾಕ್ಷಿ ನಾವೇ. ನಾವು ಬಾಯಿ ಬಿಡುವುದಿಲ್ಲ.

ಇದಕ್ಕೆ ಭಾಷಣ ಮದ್ದಲ್ಲ. ಬ್ರೆಜಿಲ್ ದೇಶದ ಅಗಸ್ಟೋ ಬೋಲ್ 1970ರ ದಶಕದಲ್ಲಿ ಬೇರೊಂದು ದಾರಿ ಕಂಡುಕೊಂಡರು. ನೊಂದವನ ಕಥೆಯನ್ನು ಚಿಕ್ಕ ನಾಟಕವಾಗಿ ಆಡುತ್ತಾರೆ. ಅದು ಸೋಲಿನಲ್ಲಿ ಮುಗಿಯುತ್ತದೆ. ಮತ್ತೆ ಆಡುವಾಗ ನೋಡುಗರು “ನಿಲ್ಲಿಸಿ” ಎನ್ನಬಹುದು. ನೊಂದವನ ಜಾಗದಲ್ಲೋ, ಪಕ್ಕದಲ್ಲಿದ್ದೂ ಸುಮ್ಮನಿದ್ದವನ ಜಾಗದಲ್ಲೋ ತಾವೇ ನಿಂತು, ಏನು ಮಾಡಬಹುದಿತ್ತೆಂದು ಆಡಿ ತೋರಿಸಬಹುದು. ದಬ್ಬಾಳಿಕೆ ಮಾಡುವವನನ್ನು ಒಮ್ಮೆಲೇ ಒಳ್ಳೆಯವನನ್ನಾಗಿ ಮಾಡುವಂತಿಲ್ಲ. ಅದು ಬರೀ ಜಾದೂ. ಪಶ್ಚಿಮ ಬಂಗಾಳದಲ್ಲಿ 1985ರಲ್ಲಿ ಹುಟ್ಟಿದ ‘ಜನ ಸಂಸ್ಕೃತಿ’ ತಂಡ ಹಳ್ಳಿಗಳಲ್ಲಿ ಇಂಥ ನಾಟಕಗಳನ್ನು ಆಡುತ್ತ ಬಂದಿದೆ.

“ಮಠಕ್ಕೂ ನಾಟಕಕ್ಕೂ ಏನು ಸಂಬಂಧ?” ಎನ್ನುವವರು ಸಾಣೇಹಳ್ಳಿಯನ್ನು ನೋಡಲಿ. ಪಂಡಿತಾರಾಧ್ಯ ಸ್ವಾಮೀಜಿಯವರ ಶಿವಸಂಚಾರ 1997ರಿಂದ ನಾಡು ಸುತ್ತುತ್ತಿದೆ. ನಮ್ಮ ಗದುಗಿನ ವೀರೇಶ್ವರ ಪುಣ್ಯಾಶ್ರಮವೇ ನಾಟಕ ಕಂಪನಿ ನಡೆಸಿದೆ. “ಇದು ಪರದೇಶದ ವಿದ್ಯೆ” ಎನ್ನುವವರು ಅನುಭವ ಮಂಟಪವನ್ನು ನೆನೆಯಲಿ. ಅಲ್ಲಿ ಬರೀ ಕೇಳುಗರಾಗಿ ಯಾರೂ ಕೂಡಲಿಲ್ಲ. ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ತಾಯಿ ಗಂಡನೆಂದು ಸುಮ್ಮನಾಗಲಿಲ್ಲ. ಮರಳಿ ಸುರಿದು ಬರಲು ಹೇಳಿದರು. ಕಾಯಕದ ನಡುವೆಯೇ “ನಿಲ್ಲಿಸಿ” ಎಂದವರು ಅವರು.

ನಮ್ಮ ಮೂರೂ ಊರಿನ ಮಠಗಳು ತಿಂಗಳಿಗೊಂದು ಶಿವಾನುಭವದಲ್ಲಿ ಭಾಷಣ ಬಿಟ್ಟು ಇಂಥ ಆಟ ಇಡಲಿ. ಕಥೆಯಲ್ಲಿ ಯಾರ ಹೆಸರೂ ಬೇಡ. ನೊಂದವರನ್ನು ರಂಗಕ್ಕೆ ಎಳೆಯುವುದೂ ಬೇಡ. ಮರುದಿನ ಅವರು ಅದೇ ಸಾಹೇಬರ ಮುಂದೆ ನಿಲ್ಲಬೇಕು. ಮೊದಲು ಏಳಬೇಕಾದವರು ನೋಡಿಯೂ ನೋಡದಂತಿದ್ದವರು. ಆ ಪಾತ್ರ ನನಗೆ ಬಾಯಿಪಾಠ, ಸೇವೆಯುದ್ದಕ್ಕೂ ಆಡಿದ್ದೇನೆ. ಕಿಟಕಿಯ ಲೋಟವನ್ನು ತಂದು ಮೇಜಿನ ಮೇಲಿಟ್ಟು “ಕೂಡಪ್ಪಾ, ಕೂಡಿ ಚಹಾ ಕುಡಿಯೋಣ” ಎನ್ನುವುದನ್ನು ಮಾತ್ರ ಇನ್ನೂ ಕಲಿಯಬೇಕಾಗಿದೆ. ಕಲಿಯಲು ನಾನು ಬರುತ್ತೇನೆ. ನೀವು?